ಎಲ್ಡನ್ ಎಣಿಸಿದ ಮೂರು

ಎಲ್ಡನ್ ಕ್ರೇಗ್ ವರ್ಷಕ್ಕೆ ಹನ್ನೊಂದು ದಿನ ಮಾತ್ರ ಮನುಷ್ಯರ ನಡುವೆ ಇರುತ್ತಿದ್ದ. ಮೇ ತಿಂಗಳಲ್ಲಿ ಮೂರು ದಿನ, ಜುಲೈನಲ್ಲಿ ನಾಲ್ಕು, ಸೆಪ್ಟೆಂಬರಿನಲ್ಲಿ ನಾಲ್ಕು. ಉಳಿದ ದಿನಗಳಲ್ಲಿ ವಿನ್ನೆಮಕ್ಕ ಎಂಬ ಊರಿನ ಎರಡು ಕೋಣೆಯ ಮನೆಯಲ್ಲಿ ಉಸಿರಾಡಿಕೊಂಡಿದ್ದ. ಅದನ್ನು ಬದುಕು ಎಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ. ಹೆಂಡತಿ ಇಪ್ಪತ್ತು ವರ್ಷದ ಹಿಂದೆಯೇ ಓರೆಗಾನ್‌ಗೆ ಹೋಗಿ ಇನ್ನೊಬ್ಬನನ್ನು ಕಟ್ಟಿಕೊಂಡಿದ್ದಳು. ಮಕ್ಕಳಿಲ್ಲ. ಟೆಲಿಫೋನ್ ಕಂಪನಿಯಲ್ಲಿ ಮೂವತ್ತೆಂಟು ವರ್ಷ ಕಂಬ ಹತ್ತಿ ಇಳಿದು ಊರೂರಿನವರ ಮಾತನ್ನು ತಂತಿಯಲ್ಲಿ ಸಾಗಿಸಿದವನ ಮನೆಗೆ ತಿಂಗಳಿಗೊಂದು ಕರೆ ಬಂದರೆ ಹೆಚ್ಚು, ಅದೂ ಔಷಧಿ ಅಂಗಡಿಯದು.

ಆ ಹನ್ನೊಂದು ದಿನ ನಾವೆಲ್ಲ ಹವ್ಯಾಸಕ್ಕೆಂದು ಕೈಯಾರೆ ಕಟ್ಟಿದ ರಾಕೆಟ್ ಹಾರಿಸಲು ಒಣಕೆರೆಯಲ್ಲಿ ಸೇರುವ ದಿನಗಳು. ಗಿಡವಿಲ್ಲ, ನೆರಳಿಲ್ಲ, ಕಣ್ಣು ಕುಕ್ಕುವ ಬಿಳಿ ನೆಲ, ಹಲ್ಲಿನ ಸಂದಿಗೂ ಹೊಕ್ಕುವ ಧೂಳು. ಎಲ್ಡನ್ ತನ್ನ ಹಳೆಯ ಪಿಕಪ್ಪಿನ ಹಿಂಬಾಗಿಲನ್ನು ಕೆಳಕ್ಕೆ ಮಡಚಿದನೆಂದರೆ ಅಂಗಡಿ ತೆರೆದಂತೆ. ಒಂದು ಮೀಟರು, ಬೆಸುಗೆ ಹಾಕುವ ಕಡ್ಡಿ, ಕಾಫಿ ಡಬ್ಬಿಯ ತುಂಬ ಸ್ಕ್ರೂ, ಕಾರಿನ ಹಳೆಯ ಬಲ್ಬು ಒಂದು. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ರೇಡಿಯೋ ಸಿಗುತ್ತಿಲ್ಲ, ಬ್ಯಾಟರಿ ಕೈಕೊಟ್ಟಿತು ಎಂದು ಬೆಳಗಿನಿಂದಲೇ ಜನ ಸಾಲು ಹಚ್ಚುತ್ತಿದ್ದರು.

ಆ ಸೆಪ್ಟೆಂಬರಿನ ಶನಿವಾರ ಬೆಳಗ್ಗೆ ಮೊದಲು ಬಂದವನು ಸ್ಯಾಕ್ರಮೆಂಟೋದ ಒಬ್ಬ ಮೇಷ್ಟ್ರು. ಕೈಯಲ್ಲಿ ರಾಕೆಟ್ಟಿನ ಮೂತಿ, ಮುಖದಲ್ಲಿ ಸೂತಕದ ಕಳೆ.

"ಹೊರಗೆ ಬಿಡಿಸಿಟ್ಟರೆ ರಾಕೆಟ್ ಎಲ್ಲಿದೆ ಅಂತ ಚೆನ್ನಾಗಿ ಹೇಳುತ್ತೆ ಎಲ್ಡನ್. ಮೂತಿಯೊಳಗೆ ಕೂರಿಸಿದ ಕೂಡ್ಲೆ ಜಿಪಿಎಸ್ ಕುರುಡಾಗುತ್ತೆ."

"ಮೂತಿಯೊಳಗೆ ಬೇರೆ ಏನಿದೆ?"

"ಏನಿಲ್ಲ. ಒಂದು ಚಿಕ್ಕ ಕ್ಯಾಮೆರಾ, ಅಷ್ಟೆ."

"ಏನಿಲ್ಲ ಅಂತೀಯ, ಮತ್ತೆ ಕ್ಯಾಮೆರಾ ಅಂತೀಯ. ಆರಿಸು ಅದನ್ನ."

ಆರಿಸಿದ. ನಿಮಿಷ ಕಳೆಯುವುದರೊಳಗೆ ಒಂಬತ್ತು ಉಪಗ್ರಹಗಳು ಪರದೆಯ ಮೇಲೆ ಸಾಲಾಗಿ ಬಂದು ನಿಂತವು.

"ಅದು ಪಕ್ಕದಲ್ಲೇ ಕೂತು ಒಂದೇ ಸಮ ವಟಗುಟ್ಟಿದ್ರೆ, ಮೇಲಿಂದ ಬರೋ ಪಿಸುಮಾತು ಇದಕ್ಕೆ ಕೇಳೋದು ಹೇಗೆ ಮಾರಾಯ? ಎರಡು ಗೇಣು ದೂರ ಇಡು. ಬ್ಯಾಟರಿ ತೋರಿಸು."

"ಅದು ಸರಿ ಇದೆ. ಈಗಷ್ಟೆ ಅಳೆದೆ, ತುಂಬಿದೆ."

"ಸುಮ್ನೆ ಕೂತಿರೋ ಬ್ಯಾಟರಿ ಸುಳ್ಳು ಹೇಳುತ್ತೆ. ಕೆಲಸ ಕೊಟ್ಟು ನೋಡು." ಎಲ್ಡನ್ ಕಾರಿನ ಬಲ್ಬನ್ನು ಅದಕ್ಕೆ ಸಿಕ್ಕಿಸಿದ. ಬಲ್ಬು ಒಂದು ಸಲ ಹಳದಿಯಾಗಿ ಬೆಳಗಿ ಕೆಂಪಾಗಿ ಮಂಕಾಯಿತು. ಮೇಷ್ಟ್ರು ತಲೆ ಕೆರೆದುಕೊಂಡ. ಇದರಲ್ಲೆಲ್ಲ ಎಲ್ಡನ್‌ಗೆ ಸಮನಾದವರು ಇರಲಿಲ್ಲ, ಈ ಮಾತು ನಿಜ.

ಆದರೆ ಅವನ ಹೆಸರು ನಿಂತಿದ್ದು ಇದರ ಮೇಲಲ್ಲ, ಕಿವಿಯ ಮೇಲೆ.

ದೊಡ್ಡ ರಾಕೆಟ್ಟುಗಳ ಹೊಟ್ಟೆಯಲ್ಲಿ ಎತ್ತರ ಅಳೆಯುವ ಒಂದು ಬೋರ್ಡು ಇರುತ್ತದೆ. ಹಾರಾಟದ ತುದಿ ಮುಟ್ಟಿದಾಗ ಮೊದಲ ಮದ್ದು ಸಿಡಿಸಿ ಚಿಕ್ಕ ಪ್ಯಾರಾಶೂಟ್, ನೆಲ ಹತ್ತಿರವಾದಾಗ ಎರಡನೆಯ ಮದ್ದು ಸಿಡಿಸಿ ದೊಡ್ಡ ಪ್ಯಾರಾಶೂಟ್ ಬಿಡಿಸುವುದು ಅದರ ಕೆಲಸ. ರಾಕೆಟ್ಟನ್ನು ಕಂಬಕ್ಕೆ ನಿಲ್ಲಿಸಿ, ಏಣಿ ಹತ್ತಿ, ತೂತಿನಲ್ಲಿ ಸ್ಕ್ರೂ ತಿರುಗಿಸಿದರೆ ಬೋರ್ಡು ಎಚ್ಚರಗೊಂಡು ಬೀಪ್ ಎನ್ನುತ್ತದೆ. ಒಂದು ಬೀಪ್ ಬಂದರೆ ಮೊದಲ ಮದ್ದಿನ ತಂತಿ ಮಾತ್ರ ಸರಿಯಿದೆ ಎಂದು ಅರ್ಥ, ಎರಡು ಬಂದರೆ ಎರಡನೆಯದು ಮಾತ್ರ, ಮೂರು ಬಂದರೆ ಎರಡೂ ಸರಿ. ಮೂರು ಕೇಳದೆ ಯಾರೂ ಏಣಿ ಇಳಿಯಬಾರದು. ಗಾಳಿ ಬೀಸುವ ಆ ಬಯಲಲ್ಲಿ ಎಲ್ಡನ್ ಹತ್ತು ಹೆಜ್ಜೆ ದೂರದಿಂದ ಅದನ್ನು ಎಣಿಸುತ್ತಿದ್ದ. ಹೀಗೆ ನಮ್ಮ ಕೆರೆಯಲ್ಲಿ ಒಂದು ರೂಢಿಯೇ ಆಯಿತು. ದೊಡ್ಡದೇನಾದರೂ ಹಾರುವುದಿದ್ದರೆ ಅವನನ್ನು ಜೊತೆಗೆ ಕರೆದೊಯ್ಯುವುದು. ಧ್ವನಿವರ್ಧಕದ ಹಿಂದೆ ಕೂತು ಮೈದಾನವನ್ನೆಲ್ಲ ಆಳುವ ಡೋರಿನ್ ಕೂಡ ಹತ್ತು, ಒಂಬತ್ತು ಎಂದು ಹಾರಿಸುವ ಎಣಿಕೆ ಶುರುಮಾಡುವ ಮೊದಲು, "ಎಲ್ಡನ್ ಎಣಿಸಿದನಾ?" ಎಂದು ಕೇಳುತ್ತಿದ್ದಳು. "ಎಣಿಸಿದ!" ಎಂದು ಎಲ್ಲರೂ ಕೂಗಬೇಕು. ಆ ಕೂಗು ಕೇಳುವಾಗ ಅವನ ಮುಖ ನೋಡಬೇಕಿತ್ತು.

ಆ ಕಿವಿ ಹೋಗಿ ಮೂರು ವರ್ಷವಾಗಿತ್ತು. ಯಾರಿಗೂ ಗೊತ್ತಿರಲಿಲ್ಲ.

ಅವನಿಗೇ ಗೊತ್ತಾಗಿದ್ದು ಪಕ್ಕದ ಮನೆಯಾಕೆ ಬಾಗಿಲು ಬಡಿದಾಗ. "ಎಲ್ಡನ್, ನಿಮ್ಮ ಚಾವಣಿಯ ಹೊಗೆ ಎಚ್ಚರಿಕೆ ಗಂಟೆ ಒಂದು ತಿಂಗಳಿಂದ ಕಿರುಚ್ತಾ ಇದೆ. ಅದರ ಬ್ಯಾಟರಿ ಬದಲಾಯಿಸಬಾರದಾ? ನಮ್ಮ ನಾಯಿಗೆ ಹುಚ್ಚು ಹಿಡೀತಿದೆ." ಲೋಕದವರ ಬ್ಯಾಟರಿ ನೋಡುವವನು ತನ್ನ ತಲೆಯ ಮೇಲಿನ ಬ್ಯಾಟರಿಯ ಗೋಳು ಕೇಳಿಸಿಕೊಂಡಿರಲಿಲ್ಲ. ವೈದ್ಯರು ಕಾಗದದ ಮೇಲೆ ಒಂದು ಗೆರೆ ತೋರಿಸಿದರು, ಅರ್ಧ ದಾರಿ ನೆಟ್ಟಗೆ ಬಂದು ಆಮೇಲೆ ಕಮರಿಗೆ ಬಿದ್ದ ಗೆರೆ. ಲಾರಿಯ ಸದ್ದು ಕೇಳುತ್ತದೆ, ಗಂಡಸರ ದಪ್ಪ ದನಿ ಒಂದಿಷ್ಟು ಕೇಳುತ್ತದೆ. ಸಣ್ಣ ದನಿಗಳೆಲ್ಲ ಹೋದವು, ಬೀಪ್ ಪೂರ್ತಿ ಹೋಯಿತು. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದರು. ಹಾಕಿಕೊಂಡು ಒಣಕೆರೆಗೆ ಹೋದರೆ ಗುಟ್ಟು ರಟ್ಟಾದಂತೆಯೇ.

ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಎಲ್ಡನ್ ಕೂಡ ಕೇಳಿಕೊಂಡಿದ್ದ. ಅಯ್ಯೋ ಪಾಪ ಎನ್ನುತ್ತಾರೆ, ಬೆನ್ನು ತಟ್ಟುತ್ತಾರೆ, ನೆರಳಿನಲ್ಲಿ ಒಂದು ಕುರ್ಚಿ ಹಾಕಿ ಕೂರಿಸುತ್ತಾರೆ. ಆಮೇಲೆ ಯಾರೂ ಕರೆಯುವುದಿಲ್ಲ. ವರ್ಷದ ಹನ್ನೊಂದು ದಿನವೂ ವಿನ್ನೆಮಕ್ಕದ ದಿನಗಳಂತೆ ಆಗಿಬಿಡುತ್ತವೆ. ಅದೊಂದೇ ಅವನ ಹೆದರಿಕೆ, ಸಾವಿಗೂ ಅಷ್ಟು ಹೆದರುತ್ತಿರಲಿಲ್ಲ.

ಹಾಗಾಗಿ ಒಂದು ಉಪಾಯ ಹೂಡಿದ. ಬೋರ್ಡು ಬೀಪ್ ಎನ್ನುವಾಗಲೆಲ್ಲ ಅದರ ಮೇಲಿನ ಸಾಸಿವೆ ಗಾತ್ರದ ದೀಪವೂ ಮಿನುಗುತ್ತದೆ. ಏಣಿ ಹತ್ತಿ, ಟೋಪಿ ತೆಗೆದು, ರಾಕೆಟ್ಟಿನ ತೂತಿಗೂ ಮುಖಕ್ಕೂ ಸೇರಿಸಿ ಮುಚ್ಚಿ ಹಿಡಿದರೆ ಒಳಗಿನ ಮಿನುಗು ಕಾಣುತ್ತದೆ. ಗಾಳಿಗೆ ಕಿವಿ ಮರೆಮಾಡುತ್ತಿದ್ದಾನೆ ಎಂದು ನಾವೆಲ್ಲ ತಿಳಿದಿದ್ದೆವು. ಅವನು ಕಣ್ಣಿನಿಂದ ಎಣಿಸುತ್ತಿದ್ದ. ಮೂರು ವರ್ಷ ಒಂದು ಸಲವೂ ತಪ್ಪಲಿಲ್ಲ.

ಉಪಾಯವಿಲ್ಲದ್ದು ಊಟದ ಹೊತ್ತಿಗೆ. ಗಸ್ ಲಿಂಡ್‌ಕ್ವಿಸ್ಟ್ ಅವನ ಇಪ್ಪತ್ತೈದು ವರ್ಷದ ಗೆಳೆಯ, ಎಲ್ಕೋದಲ್ಲಿ ಟ್ರಾಕ್ಟರ್ ರಿಪೇರಿ ಮಾಡಿಕೊಂಡಿದ್ದವನು. ಗಾಡಿಗೆ ಕಟ್ಟಿ ಎಳೆದು ತಂದ ಇಬ್ಬರ ಮನೆ-ಟ್ರೈಲರುಗಳೂ ಪ್ರತಿ ಸಲ ಐವತ್ತು ಹೆಜ್ಜೆ ಅಂತರದಲ್ಲಿ ನಿಲ್ಲುತ್ತಿದ್ದವು. ಸಂಜೆ ಗಸ್ ದೊಡ್ಡ ಪಾತ್ರೆಯಲ್ಲಿ ಹುರುಳಿಕಾಯಿಯಷ್ಟು ಉದ್ದದ ಮೆಣಸಿನಕಾಯಿ ಹಾಕಿ ಬೀನ್ಸು ಮಾಂಸ ಬೇಯಿಸುತ್ತಿದ್ದ, ಎಲ್ಡನ್ ಜೋಳದ ರೊಟ್ಟಿ ಒಯ್ಯುತ್ತಿದ್ದ. ಕಿವಿ ಹೋದಮೇಲೆ, ಜನರೇಟರ್ ಗುಡುಗುವ ಜಾಗದಲ್ಲಿ ಕೂತು ಅಳುವ ಕಥೆಗೆ ನಕ್ಕುಬಿಟ್ಟರೆ ಏನು ಗತಿ ಎಂದು ಎಲ್ಡನ್ ತಪ್ಪಿಸಿಕೊಳ್ಳತೊಡಗಿದ. ತಲೆನೋವು ಅಂದ, ಹೊಟ್ಟೆ ಸರಿಯಿಲ್ಲ ಅಂದ. ಗಸ್ ಎರಡು ಸಲ ಕರೆದ, ಮೂರನೆಯ ಸಲಕ್ಕೆ ಕರೆಯಲಿಲ್ಲ. ಆಗ ಎಲ್ಡನ್‌ಗೆ ತುಂಬ ನೋವಾಯಿತು. ಕರೆದಾಗ ಹೋಗದವನಿಗೆ ನೋವು ಪಡುವ ಹಕ್ಕಿಲ್ಲ, ಆದರೆ ನೋವು ಹಕ್ಕು ಕೇಳಿ ಬರುವುದಿಲ್ಲವಲ್ಲ. ಗಸ್ ಮುನಿಸಿಕೊಂಡಿದ್ದಾನೆ ಎಂದೇ ತಿಳಿದ. ಈಗಲೂ ಗಸ್ ತನ್ನ ರಾಕೆಟ್ಟುಗಳನ್ನು ಎಣಿಸಲು ಅವನನ್ನೇ ಕರೆದೊಯ್ಯುತ್ತಿದ್ದ, ಆದರೆ ದಾರಿಯುದ್ದಕ್ಕೂ ತುಟಿ ಬಿಚ್ಚುತ್ತಿರಲಿಲ್ಲ. ಸಂಜೆಯಾದರೆ ಎಲ್ಡನ್ ಟ್ರೈಲರಿನೊಳಗೆ ಡಬ್ಬಿಯ ಸೂಪನ್ನು ನಿಂತುಕೊಂಡೇ ಕುಡಿದು ಮಲಗುತ್ತಿದ್ದ.

ಆ ಶನಿವಾರ ಮಧ್ಯಾಹ್ನ ಮರಿಸೋಲ್ ಇಬಾರಾ ಬಂದಳು. ಸ್ಪಾರ್ಕ್ಸ್ ಊರಿನಲ್ಲಿ ದಂತವೈದ್ಯರ ಬಳಿ ಕೆಲಸ, ಮೂವತ್ತರ ಆಚೀಚೆ. ಎರಡು ವರ್ಷದ ರಜೆಯನ್ನೆಲ್ಲ ಸುರಿದು ತನಗಿಂತ ಒಂದೂವರೆ ಪಟ್ಟು ಎತ್ತರದ, ಬದನೆಕಾಯಿ ಬಣ್ಣದ ರಾಕೆಟ್ ಕಟ್ಟಿದ್ದಳು. "ಎಲ್ಡನ್ ಅವರೇ, ಎಣಿಸೋಕೆ ಬರ್ತೀರಾ?" ಎಂದಳು. ಹೊಸಬರೆಲ್ಲ ಅವನನ್ನು ಕೇಳುವಾಗ ಕೊಂಚ ಅಂಜುತ್ತಿದ್ದರು.

ಗಸ್ ತನ್ನ ಲಾರಿಯಲ್ಲಿ ಇಬ್ಬರನ್ನೂ ರಾಕೆಟ್ಟನ್ನೂ ದೂರದ ಕಂಬಕ್ಕೆ ಒಯ್ದ. ನಿಲ್ಲಿಸಿದರು. ಮರಿಸೋಲ್ ಏಣಿ ಹತ್ತಿ ಸ್ಕ್ರೂ ತಿರುಗಿಸಿ ಇಳಿದಳು, ಎಲ್ಡನ್ ಹತ್ತಿದ. ಟೋಪಿ ತೆಗೆದ, ತೂತಿಗೆ ಮುಚ್ಚಿದ, ಕಣ್ಣಿಟ್ಟ.

ಕತ್ತಲೆ.

ಬಿಸಿಲು ಬಿದ್ದರೆ ಬೋರ್ಡಿನ ಲೆಕ್ಕ ಕೆಡುತ್ತದೆ, ಮೇಲೊಂದು ಕಪ್ಪು ಟೇಪು ಅಂಟಿಸಿ ಎಂದು ಮೇ ತಿಂಗಳಲ್ಲಿ ಎಲ್ಲರಿಗೂ ಹೇಳಿಕೊಟ್ಟವನು ಅವನೇ. ಹುಡುಗಿ ವಿಧೇಯಳು, ಉಳಿದವರಂತೆ ತುಣುಕು ಅಂಟಿಸದೆ ಪೂರ್ತಿ ಮುಚ್ಚುವಂತೆ ಚೊಕ್ಕವಾಗಿ ಅಂಟಿಸಿದ್ದಳು, ದೀಪವೂ ಅದರ ಕೆಳಗೇ ಹೋಗಿತ್ತು. ಎಲ್ಡನ್ ಏನನ್ನೂ ಕಾಣಲಿಲ್ಲ, ಏನನ್ನೂ ಕೇಳಲಿಲ್ಲ. ಗಾಳಿ ಅಂಗಿಯನ್ನು ಪಟಪಟ ಹೊಡೆಯುತ್ತಿತ್ತು. ಕೆಳಗೆ ಗಸ್ ಲಾರಿ ಆರಿಸದೆ ಬೇರೆಲ್ಲೋ ನೋಡುತ್ತ ಕೂತಿದ್ದ. ಮರಿಸೋಲ್ ಮುಖವೆತ್ತಿ ಅವನನ್ನೇ ನೋಡುತ್ತಿದ್ದಳು. ಮುನ್ನೂರು ಜನ ದೂರದಲ್ಲಿ ಕಾಯುತ್ತಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಒಂದು ಮಾತು, ನೀನೇ ಕೇಳಮ್ಮ ಅಂದಿದ್ದರೆ ಸಾಕಿತ್ತು. ಈಗಲೂ ನೆನೆದರೆ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

"ಮೂರು," ಎಂದ. "ಚೆನ್ನಾಗಿದೆ."

ಅವಳ ತುಟಿ ಏನೋ ಕೇಳಿದಂತೆ ಅಲುಗಿತು.

"ಮೂರು ಕಣಮ್ಮ. ನಡಿ, ನಡಿ."

"ಎಲ್ಡನ್ ಎಣಿಸಿದನಾ?" ಎಂದಳು ಡೋರಿನ್. ಎಣಿಸಿದ ಎಂದು ಕೂಗಿದೆವು. ಬದನೆಕಾಯಿ ಬಣ್ಣದ ರಾಕೆಟ್ ಚಂದವಾಗಿ ಹೋಯಿತು, ಕಣ್ಣಿಗೆ ಸಿಗದಷ್ಟು ಮೇಲೆ ಹೋಯಿತು. ರೇಡಿಯೋ ಪೆಟ್ಟಿಗೆ ಹಿಡಿದು ಮರಿಸೋಲ್ ಎತ್ತರ ಓದುತ್ತಿದ್ದಳು. ತುದಿಯಲ್ಲಿ ಕಾಣಬೇಕಿದ್ದ ಮೊದಲ ಮದ್ದಿನ ಬಿಳಿ ಹೊಗೆ ಕಾಣಲಿಲ್ಲ. ಅಂಕಿಗಳು ತಿರುಗಿ ಇಳಿಯತೊಡಗಿದವು, ಅವಳ ಬಾಯಿಯ ವೇಗವನ್ನೂ ಮೀರಿ ಇಳಿದವು. ಡೋರಿನ್ ಎಚ್ಚರಿಕೆಯ ಹಾರ್ನ್ ಒತ್ತಿ, "ಮೇಲೆ ನೋಡಿ! ಎಲ್ಲ ಏಳಿ, ಮೇಲೆ ನೋಡಿ!" ಎಂದು ಕಿರುಚಿದಳು. ಕುರ್ಚಿಗಳು ಮಗುಚಿದವು, ತಾಯಂದಿರು ಮಕ್ಕಳನ್ನು ಎಳೆದುಕೊಂಡರು. ನೆಲದ ಸಮೀಪ ದೊಡ್ಡ ಪ್ಯಾರಾಶೂಟ್ ಹೊರಬಂದು ಆ ವೇಗಕ್ಕೆ ಚಿಂದಿಯಾಯಿತು. ಕಾರುಗಳ ಸಾಲಿನಿಂದ ಇನ್ನೂರು ಹೆಜ್ಜೆ ಆಚೆ ನೆಲ ಗುದ್ದಿದಂತಾಗಿ ಧೂಳೆದ್ದಿತು. ಯಾರಿಗೂ ಏನೂ ಆಗಲಿಲ್ಲ.

ಗುದ್ದಲಿಯಿಂದ ಅಗೆದು ತೆಗೆದರು. ಬೋರ್ಡು ಬದುಕಿತ್ತು. ಅದು ಒಳಗೆ ಬರೆದಿಟ್ಟುಕೊಂಡಿದ್ದನ್ನು ಓದುವ ತಂತಿ ಇದ್ದದ್ದು ಎಲ್ಡನ್ ಬಳಿ, ಹಾಗಾಗಿ ಹತ್ತು ಮಂದಿ ಅವನ ಪಿಕಪ್ಪಿನ ಸುತ್ತ ನೆರೆದರು.

"ಬ್ಯಾಟರಿ ತಾನೆ?" ಎಂದ ಗಸ್ ದೊಡ್ಡ ದನಿಯಲ್ಲಿ.

ಎಲ್ಡನ್ ಪರದೆ ನೋಡಿದ. ಬ್ಯಾಟರಿಯ ಗೆರೆ ಮೊದಲಿಂದ ಕೊನೆಯವರೆಗೆ ಮೇಜಿನಂತೆ ಸಮವಾಗಿತ್ತು. ಅದರ ಕೆಳಗೆ, ಎಚ್ಚರಗೊಂಡ ಕ್ಷಣದಿಂದಲೇ ಮೊದಲ ಮದ್ದಿನ ತಂತಿಯಲ್ಲಿ ಸಂಪರ್ಕವಿಲ್ಲ ಎಂದು ಬರೆದಿತ್ತು. ಹಾರುವ ಮೊದಲು ಹನ್ನೊಂದು ನಿಮಿಷ ಆ ಬೋರ್ಡು ಎರಡು, ಎರಡು, ಎರಡು ಎಂದು ಬಡಿದುಕೊಂಡಿತ್ತು.

"ಬ್ಯಾಟರಿ ಇರಬಹುದು," ಎಂದ ಎಲ್ಡನ್. "ಪೂರ್ತಿ ನೋಡಿ ಹೇಳ್ತೀನಿ." ಲ್ಯಾಪ್‌ಟಾಪ್ ಮುಚ್ಚಿದ. ಎಲ್ಲರಿಗೂ ಸಮಾಧಾನವಾಯಿತು. ಬ್ಯಾಟರಿಯನ್ನು ಬೈದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಅವರೆಲ್ಲ ಹೋದಮೇಲೆ ಅವನು ಬೋರ್ಡಿನ ಸ್ಕ್ರೂ ಬಿಚ್ಚಿ ತಂತಿಯ ತುದಿ ನೋಡಿದ. ಹಾಗೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೂರಲಾಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮರಿಸೋಲಳ ಡೇರೆಯ ಕಡೆ ನಡೆದ. ಅವಳು ಮಗುಚಿದ ಬಕೆಟ್ಟಿನ ಮೇಲೆ ಕೂತು ಜಜ್ಜಿದ ಕೊಳವೆಯಿಂದ ಸ್ಕ್ರೂ ಬಿಚ್ಚುತ್ತಿದ್ದಳು.

"ಬ್ಯಾಟರಿ ಅಲ್ಲ ಕಣಮ್ಮ. ಮೊದಲನೇ ಮದ್ದಿನ ತಂತಿ. ಸ್ಕ್ರೂ ಕೆಳಗೆ ತಾಮ್ರ ಸಿಕ್ಕಿಲ್ಲ, ಮೇಲಿನ ಪ್ಲಾಸ್ಟಿಕ್ ಸಿಕ್ಕಿಹಾಕ್ಕೊಂಡಿತ್ತು."

ಅವಳು ತಲೆ ತಗ್ಗಿಸಿಕೊಂಡೇ ಏನೋ ಅಂದಳು.

"ಏನಂದೆ? ಈ ಕಡೆ ತಿರುಗಿ ಹೇಳು. ಮುಖ ಕಾಣದಿದ್ರೆ ನಂಗೆ ಗೊತ್ತಾಗಲ್ಲ."

ಅವಳು ತಿರುಗಿ ಅವನನ್ನು ದಿಟ್ಟಿಸಿದಳು. "ನಂಗೆ ಎರಡೇ ಕೇಳಿಸ್ತು ಅಂದೆ. ನೀವು ಮೂರು ಅಂದ್ರಿ. ಎಲ್ಡನ್ ಅವರೇ ಹೇಳಿದ ಮೇಲೆ ನನ್ನ ಕಿವೀನೇ ಸರಿ ಇಲ್ಲ ಅನ್ಕೊಂಡು ಸುಮ್ಮನಾದೆ."

ಎಲ್ಡನ್‌ಗೆ ಮುಖಕ್ಕೆ ಹೊಡೆದ ಹಾಗಾಯಿತು. "ಸರಿ ಇಲ್ಲದ್ದು ನನ್ನ ಕಿವಿ. ಮೂರು ವರ್ಷ ಆಯ್ತು, ನಂಗೆ ಬೀಪ್ ಕೇಳಿಸಲ್ಲ."

"ಮತ್ತೆ ಆ ಟೋಪಿ?"

"ಒಳಗಿನ ದೀಪ ನೋಡೋಕೆ."

"ದೀಪದ ಮೇಲೆ ಟೇಪ್ ಇತ್ತಲ್ಲ!"

"ಹೌದು."

"ಅಂದ್ರೆ ಸುಮ್ಸುಮ್ನೆ ಹೇಳಿದ್ರಿ."

"ಸುಮ್ಸುಮ್ನೆ ಹೇಳಿದೆ."

ಅವಳು ಎದ್ದು ನಿಂತಳು. "ಆ ಕುರ್ಚಿ ಸಾಲಲ್ಲಿ ನನ್ನ ತಂಗಿ ಕೂತಿದ್ಲು. ಮಡಿಲಲ್ಲಿ ಮಗು ಇತ್ತು. ರಾಕೆಟ್ ಹೋದ್ರೆ ಹೋಗ್ಲಿ, ಇನ್ನೊಂದು ಕಟ್ತೀನಿ." ಡೇರೆಯೊಳಗೆ ಹೋಗಿ ಜಿಪ್ ಎಳೆದುಕೊಂಡಳು. ಎಲ್ಡನ್ ತನ್ನ ಟ್ರೈಲರಿಗೆ ಮರಳಿ ಬಂದ.

ಭಾನುವಾರ ಬೆಳಗ್ಗೆ ಎಂಟಕ್ಕೆ, ಹಾರಾಟ ಶುರುವಾಗುವ ಮೊದಲು, ಎಲ್ಲರೂ ಕಾಫಿ ಲೋಟ ಹಿಡಿದು ಡೋರಿನ್‌ಳ ಲಾರಿಯ ಮುಂದೆ ಸೇರುತ್ತೇವೆ. ಹಿಂದಿನ ದಿನ ಯಾರ ರಾಕೆಟ್ ಕೆಟ್ಟಿತೋ ಅವರು ಮುಂದೆ ಬಂದು ಯಾಕೆ ಕೆಟ್ಟಿತು ಎಂದು ಹೇಳಬೇಕು. ಯಾರೂ ನಗಬಾರದು, ಕಲಿತುಕೊಳ್ಳಬೇಕು. ಮರಿಸೋಲ್ ಮುಂದೆ ಬಂದಳು. ರಾತ್ರಿ ನಿದ್ದೆಯಿಲ್ಲದ ಕಣ್ಣು.

"ಬ್ಯಾಟರಿ," ಎಂದಳು. "ಅಷ್ಟೇ."

ಎಲ್ಡನ್ ಅವಳ ತುಟಿಯಲ್ಲೇ ಅದನ್ನು ಓದಿದ. ಅವಳು ಅವನ ಕಡೆ ನೋಡದೆ ತನ್ನ ಜಾಗಕ್ಕೆ ಹೋದಳು. ಅವಳು ಅವನನ್ನು ಉಳಿಸಿದ್ದಳು. ಕ್ಷಮಿಸಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು, ಆದರೂ ಮುದುಕನನ್ನು ಮುನ್ನೂರು ಜನರ ಮುಂದೆ ಬೆತ್ತಲು ಮಾಡಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ಸರಿ," ಎಂದಳು ಡೋರಿನ್. "ಇವತ್ತು ಮೊದಲು ಗಸ್‌ದು. ಎಲ್ಡನ್, ಎಣಿಸೋಕೆ ಹೊರಡು."

ಎಲ್ಡನ್ ಹೊರಡಲಿಲ್ಲ. "ಬ್ಯಾಟರಿ ಅಲ್ಲ," ಎಂದ. ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದೆ ಕೂಗಿಯೇ ಹೇಳಿದ. "ಆ ಹುಡುಗಿಗೆ ಎರಡು ಕೇಳಿಸಿತ್ತು. ನಾನು ಮೂರು ಅಂದೆ. ನಂಗೆ ಒಂದೂ ಕೇಳಿಸಿರಲಿಲ್ಲ. ಮೂರು ವರ್ಷದಿಂದ ನಂಗೆ ಬೀಪ್ ಕೇಳಿಸಲ್ಲ, ನಿಮಗೆಲ್ಲ ಮೋಸ ಮಾಡಿದೀನಿ. ಇನ್ಮೇಲೆ ಯಾರೂ ನನ್ನ ಕರೀಬೇಡಿ."

ಎಲ್ಡನ್ ಕಾದ. ಅಯ್ಯೋ ಪಾಪ ಎನ್ನುವವರಿಗಾಗಿ ಕಾದ, ಬೈಯುವವರಿಗಾಗಿ ಕಾದ. ಗುಂಪಿನ ನಡುವಿನಿಂದ ಗಸ್ ಜನರನ್ನು ಸರಿಸಿಕೊಂಡು ಬಂದು ಎದುರು ನಿಂತ. ಅವನ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ನಿಂಗೂ ಕೇಳಿಸಲ್ವಾ?"

ಎಲ್ಡನ್ ಇಲ್ಲವೆಂದು ತಲೆಯಾಡಿಸಿದ.

"ನಂಗೆ ಐದು ವರ್ಷ ಆಯ್ತು ಕಣೋ," ಎಂದು ಗಸ್ ಕಿರುಚಿದ. "ಇಲ್ಲದಿದ್ರೆ ಪ್ರತಿ ಸಲ ನಿನ್ನ ಯಾಕೆ ಹೊತ್ಕೊಂಡು ಹೋಗ್ತಿದ್ದೆ? ನಿನ್ನ ಕಿವಿ ನಂಬ್ಕೊಂಡು ಹಾರಿಸ್ತಿದ್ನಲ್ಲೋ ನಾನು!"

ಹಿಂದಿನಿಂದ ಇನ್ಯಾರೋ ಕೆಮ್ಮಿದರು. "ನಂಗೂ ಅಷ್ಟೇ," ಎಂದಿತು ಒಂದು ದನಿ. ಡೋರಿನ್, ಬೀಪ್ ಕೇಳಿಸದವರು ಕೈ ಎತ್ತಿ ಎಂದಳು. ಮೊದಲು ಇಬ್ಬರು ಎತ್ತಿದರು, ಆಮೇಲೆ ಬಿಳಿ ಗಡ್ಡಗಳ ನಡುವಿನಿಂದ ಒಂದೊಂದಾಗಿ ಕೈಗಳು ಮೇಲೆದ್ದವು. ಇಪ್ಪತ್ತಾರು. ನನ್ನ ಕೈಯೂ ಅದರಲ್ಲಿತ್ತು. ಪ್ರತಿಯೊಬ್ಬನೂ ತನ್ನ ಪಕ್ಕದವನ ಕೈ ನೋಡಿ ಬೆರಗಾಗುತ್ತಿದ್ದ. ಇಷ್ಟು ವರ್ಷ ಇಷ್ಟೂ ಜನರ ಪ್ರಾಣ ಒಬ್ಬ ಕಿವುಡನ ಟೋಪಿಯೊಳಗಿತ್ತು ಎಂದು ಗೊತ್ತಾಗಿ ಯಾರಿಗೂ ನಗು ಬರಲಿಲ್ಲ.

"ಇನ್ಮೇಲೆ ನಾನು ಎಣಿಸ್ತೀನಿ," ಎಂದಳು ಮರಿಸೋಲ್, ಯಾರ ಮುಖವನ್ನೂ ನೋಡದೆ. "ನನ್ನ ಜೊತೆಗೆ ಇನ್ನೊಬ್ಬರು ಎಣಿಸ್ಬೇಕು. ಇಬ್ಬರದೂ ಒಂದೇ ಆದ್ರೆ ಮಾತ್ರ ಹಾರೋದು."

ಜನ ಚದುರಿದರು. ಗಸ್ ಮಾತ್ರ ಅಲ್ಲೇ ನಿಂತಿದ್ದ. ಕಿವುಡರಿಬ್ಬರಿಗೆ ಪರಸ್ಪರರ ಮಾತು ಚೆನ್ನಾಗಿ ಕೇಳುತ್ತದೆ, ಇಬ್ಬರೂ ಕಿರುಚುತ್ತಾರಲ್ಲ.

"ಊಟಕ್ಕೆ ಕರೆಯೋದನ್ನ ಯಾಕೋ ಬಿಟ್ಟೆ?" ಎಂದು ಎಲ್ಡನ್ ಕೇಳಿದ.

"ನೀನು ತಲೆನೋವು ಅಂದಾಗ ಬದುಕಿದೆ ಅನ್ನಿಸ್ತು. ನೀನು ಬಂದ್ರೆ ಮಾತಾಡ್ತೀಯ, ನಂಗೆ ಕೇಳಿಸಲ್ಲ, ನಾನು ಎಲ್ಲೆಲ್ಲೋ ನಗ್ತೀನಿ. ನಿಂಗೆ ಗೊತ್ತಾಗಿಬಿಡುತ್ತೆ ಅಂತ ಹೆದರಿಕೆ."

"ಮತ್ತೆ ಇಷ್ಟು ದಿನ ಏನು ತಿಂದೆ?"

"ಡಬ್ಬಿ ಸೂಪು."

ಎಲ್ಡನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ವರ್ಷಕ್ಕೆ ಹನ್ನೊಂದರಂತೆ ಮೂರು ವರ್ಷ. ಇಡೀ ಲೋಕದಲ್ಲಿ ಅವನಿಗಿದ್ದ ಒಬ್ಬನೇ ಗೆಳೆಯ ಐವತ್ತು ಹೆಜ್ಜೆ ಆಚೆ, ಅದೇ ಹೆದರಿಕೆ ಇಟ್ಟುಕೊಂಡು, ಅದೇ ಸೂಪು ಕುಡಿದು ದೀಪ ಆರಿಸಿದ ಮೂವತ್ತಮೂರು ಸಂಜೆಗಳು. ಅವನಿಗೆ ಎಪ್ಪತ್ತೊಂದು, ಗಸ್‌ಗೆ ಎಪ್ಪತ್ತನಾಲ್ಕು. ಎಲ್ಡನ್ ಲಾರಿಯ ಚಕ್ರಕ್ಕೆ ಒರಗಿ ಕೂತು, ಎಲ್ಲರೂ ನೋಡುತ್ತಿರುವಂತೆಯೇ ಅತ್ತ.